ಡ್ವಾರ್ಫ್ ಫೋರ್ಟ್ರೆಸ್: ಬಿಲ್ಡಿಂಗ್ ಡಿಸೈನರ್ ಇದ್ದಾಗ, ಇಲ್ಲದಾಗ

ಡ್ವಾರ್ಫ್ ಅನ್ನೋ ಕುಳ್ಳರಿಂದ ಕೋಟೆ ಕಟ್ಟಿಸೋ ಕಂಪ್ಯೂಟರ್ ಆಟ ಡ್ವಾರ್ಫ್ ಫೋರ್ಟ್ರೆಸ್. ಅದರ ಹಳೆಯ 0.47.05 ಆವೃತ್ತಿ ಮತ್ತು 2022ರ ಡಿಸೆಂಬರ್‌ನಲ್ಲಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದ 50ನೇ ಆವೃತ್ತಿ, ಎರಡರಲ್ಲೂ ಹೊಸದಾಗಿ ಒಂದೊಂದು ಕೋಟೆ ಶುರು ಮಾಡಿದೆ. ಎರಡೂ ಕಡೆ ಅದೇ ಏಳು ಜನ ಡ್ವಾರ್ಫ್‌ಗಳು. ಕಟ್ಟಬೇಕಿದ್ದದ್ದು ಟ್ರೇಡ್ ಡಿಪೋ (ಹೊರಗಿನ ವ್ಯಾಪಾರಿಗಳ ಜೊತೆ ವಹಿವಾಟು ನಡೆಸೋ ಜಾಗ), ಒಂದು ಬಾವಿ, ಎತ್ತುವ ಸೇತುವೆ. ಹೊಸದರಲ್ಲಿ ಬಿಲ್ಡಿಂಗ್ ಡಿಸೈನರ್, ಅಂದರೆ ಕಟ್ಟಡದ ನಕ್ಷೆ ಹಾಕೋ ಕೌಶಲವನ್ನೇ ತೆಗೆದಿದ್ದಾರೆ. ಅದರಿಂದ ಏನು ಬದಲಾಯಿತು ಅಂತ ನೋಡಬೇಕಿತ್ತು.

ಹಳೆಯದರಲ್ಲಿ ಇಂಥ ಕಟ್ಟಡಕ್ಕೆ ಮೊದಲು ಡಿಸೈನರ್ ಬಂದು ನಕ್ಷೆ ಹಾಕಬೇಕು. ಆಮೇಲೆ ಕಲ್ಲಾದರೆ ಕಲ್ಲುಕೆಲಸದವನು, ಮರವಾದರೆ ಬಡಗಿ ಕೈ ಹಚ್ಚುತ್ತಾನೆ. ನಾನು ವಿ, ಪಿ, ಎಲ್ ಕೀಗಳನ್ನು ಒತ್ತಿ ಉರಿಸ್ಟ್ ಅನ್ನೋ ಡ್ವಾರ್ಫ್ ಒಬ್ಬನಿಗೆ ಮಾತ್ರ ನಕ್ಷೆಯ ಕೆಲಸ ಹಚ್ಚಿದ್ದೆ. ಡಿಪೋಗೆ ಮೂರು ಕಲ್ಲು ತಂದು ಹಾಕಿಯಾಗಿತ್ತು. ಕಟ್ಟುವವನು ಕೈ ಖಾಲಿ ಮಾಡಿಕೊಂಡು ಓಡಾಡುತ್ತಿದ್ದ. ಉರಿಸ್ಟ್ ಮಾತ್ರ ಮಲಗಿದ್ದ! ಎದ್ದ ಮೇಲೆ ಕುಡಿಯೋಕೆ ನೇರ ಪೀಪಾಯಿ ಹತ್ತಿರ ಹೋದ. ಶರತ್ಕಾಲದ ವ್ಯಾಪಾರಿಗಳ ಕ್ಯಾರವಾನ್ ಬರೋ ಹೊತ್ತಾಗಿತ್ತು, ನನಗೆ ಜೀವ ಬಾಯಿಗೆ ಬಂದಿತ್ತು. ಕೊನೆಗೂ ಅವನು ಬಂದು ನಕ್ಷೆ ಮುಗಿಸಿದಾಗ ಆದ ಖುಷಿಯೇ ಬೇರೆ.

ಹೊಸದರಲ್ಲಿ ಅದೇ 5×5 ಡಿಪೋ. ಕಲ್ಲು ಬಂತು, ಬಿಡುವಿದ್ದವನು ಕಟ್ಟಿದ, ಮುಗೀತು. ಸೇತುವೆಯೂ ಹಾಗೇ. ಒಬ್ಬೊಬ್ಬರ ಪಟ್ಟಿ ತೆರೆದು ಕೆಲಸ ಹಚ್ಚೋ ತಾಪತ್ರಯ ಬಹಳ ಕಡಿಮೆ. ವೇಗದಲ್ಲಿ 50ನೇ ಆವೃತ್ತಿಯದ್ದೇ ಮೇಲುಗೈ, ಅದರಲ್ಲಿ ಎರಡು ಮಾತಿಲ್ಲ. ಮೌಸ್ ಮತ್ತು ಚಿತ್ರಗಳು ಬಂದಿರುವುದೂ ದೊಡ್ಡ ಅನುಕೂಲ.

ಆದರೆ ಬಾವಿಯ ಹತ್ತಿರ ಬಂದಾಗ ನನ್ನ ಮನಸ್ಸು ಹಳೆಯದರ ಕಡೆ ವಾಲಿತು. ಎರಡರಲ್ಲೂ ಬೇಕಾದ ಸಾಮಾನು ಅದೇ: ಬ್ಲಾಕ್, ಮೆಕ್ಯಾನಿಸಂ, ಬಕೆಟ್, ಹಗ್ಗ. ಹಳೆಯದರಲ್ಲಿ ನಕ್ಷೆಯ ಗುಣಮಟ್ಟಕ್ಕೂ ಬೆಲೆ ಇತ್ತು. ಕೈ ಪಳಗಿದ ಡಿಸೈನರ್ ಹಾಕಿದರೆ ಕಟ್ಟಡದ ಮೌಲ್ಯ ಏರುತ್ತಿತ್ತು. ಡಿಪೋದಲ್ಲಿ ಕಲಿತದ್ದನ್ನು ಉರಿಸ್ಟ್ ಬಾವಿಗೆ ತಂದ. ಇದು ಅವನ ಬಾವಿ ಅಂತ ನನಗೆ ಅನ್ನಿಸುತ್ತಿತ್ತು. ಹೊಸ ಕೋಟೆಯ ಬಾವಿಯನ್ನು ಯಾರು ಕಟ್ಟಿದರು ಅಂತ ಕೇಳಿದರೆ ನನಗೆ ನೆನಪೇ ಇಲ್ಲ. ಕಥೆಗೋಸ್ಕರವೇ ಈ ಆಟ ಆಡೋ ನನಗೆ ಇದು ಸಣ್ಣ ನಷ್ಟವಲ್ಲ.

ಮೊದಲ ಸಲ ಆಡುವವರು 50ನ್ನೇ ಹಿಡಿಯಿರಿ, ಕಟ್ಟಡ ಯಾಕೆ ಏಳ್ತಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳೋದು ತಪ್ಪುತ್ತದೆ. ನಾನು ಮಾತ್ರ ಹಳೆಯ ಕೋಟೆಯನ್ನೇ ಮುಂದುವರಿಸುತ್ತಿದ್ದೇನೆ. ಉರಿಸ್ಟ್ ಈಗ ಎರಡನೇ ಸೇತುವೆಯ ನಕ್ಷೆ ಹಾಕುತ್ತಿದ್ದಾನೆ.