ನಕಲಿ ಐಪಿ ಹಾಕಿ ಸಿನ್ ಫ್ಲಡ್ ಟೆಸ್ಟ್ ಮಾಡೋಕೆ ಹೊರಟವರು ಇದನ್ನು ಓದಿ

ಸರ್ವರ್‌ಗೆ ಬಾಡಿಗೆ ಕಟ್ಟುತ್ತಿದ್ದೇವಲ್ಲ, ಕೇಳೋರ್ಯಾರು ಅಂತ ಒಂದು ಕಡೆ 443ನೇ ಪೋರ್ಟ್‌ಗೆ ಸೆಕೆಂಡಿಗೆ 5,000 ಸಿನ್ ಪ್ಯಾಕೆಟ್ (ಸಂಪರ್ಕ ಬೇಕೆಂದು ಕೇಳುವ ಮೊದಲ ಪ್ಯಾಕೆಟ್) ಬಿಟ್ಟರು, ಕಳಿಸುವವರ ವಿಳಾಸದ ಜಾಗದಲ್ಲಿ ಬಾಯಿಗೆ ಬಂದ ಐಪಿಗಳು. ಇಂಥ ಸಿನ್‌ಗಳ ಸುರಿಮಳೆಯೇ ಸಿನ್ ಫ್ಲಡ್. ಸೈಟ್ ಓಡಿಸುವ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಅಲುಗಲಿಲ್ಲ. ಆದರೆ ದೂರು ಬಂತೆಂದು ಹೋಸ್ಟಿಂಗ್‌ನವರು ಸರ್ವರ್‌ನ ಐಪಿಯನ್ನೇ ನಲ್-ರೂಟ್ ಮಾಡಿದರು, ಅಂದರೆ ಅದಕ್ಕೆ ಬರುವ ಪ್ಯಾಕೆಟ್‌ಗಳನ್ನೆಲ್ಲ ಬಿಸಾಡತೊಡಗಿದರು. ಸೈಟ್ ಬಂದ್.

ದೂರು ಆ ಐಪಿಗಳ ನಿಜವಾದ ಮಾಲೀಕರದ್ದು. ಪ್ರತಿ ಸಿನ್‌ಗೂ ಸರ್ವರ್ ಸಿನ್-ಆ್ಯಕ್ ಉತ್ತರ ಕೊಡುತ್ತದೆ, ಅದು ಹೋಗಿ ಬೀಳುವುದು ಏನೂ ಅರಿಯದವರ ಮೇಲೆ. ಲಿನಕ್ಸ್‌ನಲ್ಲಿ ಸಿನ್ ಕುಕಿ (ಸಂಪರ್ಕವನ್ನು ಕ್ಯೂನಲ್ಲಿ ಇಟ್ಟುಕೊಳ್ಳದೆಯೇ ಉತ್ತರಿಸುವ ರಕ್ಷಣೆ) 1ಕ್ಕೆ ಇಟ್ಟಿದ್ದರೆ ಅದು ಶುರುವಾಗುವುದು ಪೂರ್ತಿಯಾಗದ ಸಂಪರ್ಕಗಳ ಕ್ಯೂ ತುಂಬಿದ ಮೇಲೆಯೇ. ಎಂಜಿನ್‌ಎಕ್ಸ್‌ನ ಡಿಫಾಲ್ಟ್ ಕ್ಯೂ 511. ಅಲ್ಲಿಯವರೆಗೆ ಸಿಕ್ಕಿಕೊಂಡ ಪ್ರತಿ ವಿಳಾಸಕ್ಕೂ ಮೊದಲ ಉತ್ತರದ ಮೇಲೆ ಇನ್ನೂ 5 ಸಲದವರೆಗೆ ಉತ್ತರ ಹೋಗುತ್ತದೆ.

ಇನ್ನೊಂದು ಪೆಟ್ಟು ಕಾನ್‌ಟ್ರ್ಯಾಕ್‌ನದ್ದು, ಅಂದರೆ ಫೈರ್‌ವಾಲ್ ಇಟ್ಟುಕೊಳ್ಳುವ ಸಂಪರ್ಕಗಳ ಪಟ್ಟಿಯದ್ದು. ಫೈರ್‌ವಾಲ್ ಅರ್ಧ ಸಂಪರ್ಕವನ್ನು 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. 5,000 ಗುಣಿಸು 60 ಅಂದರೆ 3 ಲಕ್ಷ. ಆ ಪಟ್ಟಿಯ (ಟೇಬಲ್‌ನ) ಮಿತಿ 2,62,144 ಇದ್ದರೆ ಅಲ್ಲಿಗೆ ಮುಗಿಯಿತು, ಹೊಸ ಸಂಪರ್ಕಕ್ಕೆ ಜಾಗವಿಲ್ಲ. 60 ಬೈಟ್‌ನ ಪ್ಯಾಕೆಟ್ ಲೆಕ್ಕದಲ್ಲಿ ಇದು ಬರೀ 2.4 ಎಂಬಿಪಿಎಸ್, ಹಾಗಾಗಿ ಬ್ಯಾಂಡ್‌ವಿಡ್ತ್ ಗ್ರಾಫ್ ನೋಡಿದರೆ ಏನೂ ಆಗಿಲ್ಲವೆನಿಸುತ್ತದೆ. ಸಿನ್ ಕುಕಿ ಇಲ್ಲಿ ಕೆಲಸಕ್ಕೆ ಬಾರದು, ಕಾನ್‌ಟ್ರ್ಯಾಕ್ ಅದಕ್ಕಿಂತ ಮುಂಚೆಯೇ ಕೂತಿದೆ. ಸಂಪರ್ಕ ಪೂರ್ತಿಯಾದ ಮೇಲಷ್ಟೇ ಒಳಗೆ ಬಿಡುವ ಸಿನ್‌ಪ್ರಾಕ್ಸಿ ನಿಯಮವನ್ನು ಫೈರ್‌ವಾಲ್‌ಗೆ ಹಾಕಬೇಕು. ಕರ್ನಲ್‌ನ ಸಂದೇಶ ತೋರಿಸುವ dmesg ಆಜ್ಞೆಯಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಕಂಡರೆ ಕಾರಣ ಇದೇ.

‘ಪಾಸ್’ ಅಂತ ಬಂದ ಫಲಿತಾಂಶವನ್ನೂ ಹಾಗೇ ನಂಬಬೇಡಿ. ನಕಲಿ ವಿಳಾಸದ ಪ್ಯಾಕೆಟ್‌ಗಳನ್ನು ಎಷ್ಟೋ ನೆಟ್‌ವರ್ಕ್‌ಗಳು ಬಾಗಿಲಲ್ಲೇ ತಡೆಯುತ್ತವೆ, ಸರ್ವರ್‌ಗೆ ಏನೂ ತಲುಪಿರುವುದಿಲ್ಲ. ಸರ್ವರ್ ತುದಿಯಲ್ಲಿ ಟಿಸಿಪಿಡಂಪ್ (ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ) ಓಡಿಸಿ ಎಣಿಸಿ. ನೆಟ್‌ವರ್ಕ್ ಲೆಕ್ಕ ತೋರಿಸುವ ಎನ್‌ಸ್ಟ್ಯಾಟ್‌ನಲ್ಲಿ ಸಿನ್‌ಕುಕೀಸ್‌ಸೆಂಟ್ (ಕಳಿಸಿದ ಸಿನ್ ಕುಕಿಗಳ ಎಣಿಕೆ) ಏರುತ್ತಿದೆಯೇ ನೋಡಿ.

ಮಾಡಲೇಬೇಕೆಂದರೆ ಎರಡು ಯಂತ್ರ, ಒಂದು ಸ್ವಿಚ್, ಇಂಟರ್ನೆಟ್ ಕೇಬಲ್ ಕಿತ್ತಿರಲಿ. ವಿಳಾಸಗಳು 198.18.0.0/15 ಒಳಗಿನವು, ಅದು ಇಂಥ ಅಳತೆಗೆಂದೇ ಮೀಸಲಾದ ಶ್ರೇಣಿ. ಬಾಡಿಗೆ ಸರ್ವರ್ ಆದರೆ ಹೋಸ್ಟಿಂಗ್‌ನವರ ಒಪ್ಪಿಗೆ ಬರಹದಲ್ಲಿ ಬೇಕು. ಭಾರತದಲ್ಲಿ ಅನುಮತಿಯಿಲ್ಲದ ದಾಳಿಗೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಟೆಸ್ಟ್ ಶುರುವಿಗೆ ಮೊದಲೇ ಕನ್ಸೋಲ್ (ನೆಟ್‌ವರ್ಕ್ ಇಲ್ಲದೆಯೂ ಸರ್ವರ್ ಒಳಗೆ ಹೋಗುವ ದಾರಿ) ತೆರೆದಿಟ್ಟುಕೊಳ್ಳಿ. ಆಮೇಲೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಒಳಗೆ ಬಿಡದಿರಬಹುದು.