ಸ್ಟ್ಯಾನ್‌ಫರ್ಡ್ ಫಿಲಾಸಫಿ ಎನ್‌ಸೈಕ್ಲೋಪೀಡಿಯಾ: ಪಾಠ ಮಾಡೋರ ಕಣ್ಣಲ್ಲಿ

ಎಂಎ ಕ್ಲಾಸಿಗೆ ಫಿಲಾಸಫಿ ಆಫ್ ಮೈಂಡ್ (ಮನಸ್ಸು ಅಂದ್ರೇನು ಅಂತ ಕೇಳೋ ತತ್ವಶಾಸ್ತ್ರ) ಪಾಠ ಮಾಡೋಕೆ ಶುರು ಮಾಡಿದಾಗಿಂದ ನಾನು ದಿನಾ ತೆಗೆಯೋ ಸೈಟ್ ಇದು. 1995ರಿಂದ ಇದೆ, ಪೂರ್ತಿ ಫ್ರೀ, ಲಾಗಿನ್ನೂ ಬೇಡ. ಪ್ರತಿ ಲೇಖನ ಆ ವಿಷಯದ ತಜ್ಞರೇ ಬರೆದಿರ್ತಾರೆ, ಬೇರೆ ತಜ್ಞರು ನೋಡಿ ಓಕೆ ಅಂದ್ಮೇಲೇ ಹಾಕೋದು, ಆಮೇಲೂ ಅಪ್‌ಡೇಟ್ ಮಾಡ್ತಾ ಇರ್ತಾರೆ. ಹಳೇ ಆವೃತ್ತಿನೂ ಆರ್ಕೈವ್‌ನಲ್ಲಿ ಹಾಗೇ ಇರುತ್ತೆ, ಹಾಗಾಗಿ ಡಿಸರ್ಟೇಶನ್‌ನಲ್ಲಿ ಉಲ್ಲೇಖ ಕೊಟ್ರೆ ನಾಳೆ ಬದಲಾಗೋಯ್ತು ಅನ್ನೋ ತಲೆನೋವಿಲ್ಲ.

ನಂಗೆ ಜಾಸ್ತಿ ಉಪಯೋಗ ಆಗಿರೋದು ಚೈನೀಸ್ ರೂಮ್ ಲೇಖನ. ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಕೇಳಿದ ಪ್ರಶ್ನೆ, ಚೈನೀಸ್ ಬರದೇ ಇರೋನು ಒಂದು ರೂಮಲ್ಲಿ ಕೂತು, ಒಳಗೆ ಬರೋ ಚೈನೀಸ್ ಪ್ರಶ್ನೆಗಳಿಗೆ ರೂಲ್ ಬುಕ್ ನೋಡ್ಕೊಂಡು ಸರಿಯಾದ ಉತ್ತರ ಕೊಟ್ರೆ ಅವನಿಗೆ ಚೈನೀಸ್ ಅರ್ಥ ಆಯ್ತು ಅಂತಾನಾ? ಕಂಪ್ಯೂಟರ್ ಮಾಡೋದೂ ಇಷ್ಟೇ, ಅದಕ್ಕೂ ಅರ್ಥ ಆಗಲ್ಲ ಅನ್ನೋದು ಅವರ ವಾದ. ಅದಕ್ಕೆ ಬಂದ ಉತ್ತರಗಳೆಲ್ಲ, ಮನುಷ್ಯನಿಗಲ್ಲ ಇಡೀ ಸಿಸ್ಟಮ್‌ಗೆ ಅರ್ಥ ಆಗಿದೆ, ಕಂಪ್ಯೂಟರನ್ನ ರೋಬೋಟ್ ಒಳಗಿಟ್ರೆ ಅರ್ಥ ಆಗುತ್ತೆ, ಹೀಗೆ ಒಂದೊಂದಾಗಿ ಬಿಡಿಸಿಟ್ಟಿದಾರೆ, ನಾನು ಕ್ಲಾಸನ್ನ ಎರಡು ಗುಂಪು ಮಾಡಿ ಜಗಳಕ್ಕೆ ಬಿಡ್ತೀನಿ ಅಷ್ಟೇ. ಒಬ್ಳು ಹುಡುಗಿ, ಸರ್ ನಂಗೆ ತೆಲುಗು ಬರಲ್ಲ ಆದ್ರೆ ತ್ಯಾಗರಾಜರ ಕೃತಿ ತಪ್ಪಿಲ್ದೆ ಹಾಡ್ತೀನಲ್ಲ, ನಾನೂ ಆ ರೂಮೊಳಗೇ ಇದೀನಾ ಅಂದ್ಳು, ಬೆಲ್ ಹೊಡೆದ್ರೂ ಯಾರೂ ಏಳ್ಲಿಲ್ಲ!

ಬೌದ್ಧ ತತ್ವಜ್ಞಾನಿ ನಾಗಾರ್ಜುನ, ಅದ್ವೈತದ ಶಂಕರರ ಮೇಲೂ ಲೇಖನ ಇದೆ, ಖುಷಿ. ತೊಂದ್ರೆ ಅಂದ್ರೆ ಇಂಗ್ಲಿಷ್ ಗಟ್ಟಿ, ಕೆಲವು ಲೇಖನ ವಿಪರೀತ ಉದ್ದ, ಕನ್ನಡ ಮೀಡಿಯಂನಿಂದ ಬಂದೋರು ಮೊದಲ ಪ್ಯಾರಾಕ್ಕೇ ಸುಸ್ತು. ಒಂದೊಂದೇ ಸೆಕ್ಷನ್ ಕೊಡಿ. ಐದಕ್ಕೆ ನಾಲ್ಕೂವರೆ ಸ್ಟಾರ್.