ವೀಲ್‌ಚೇರ್‌ನಲ್ಲಿ ಹೋಗಿ ಎರಡು ಲೋಟ ಕಾಫಿ ಕುಡಿದ ಹೋಟೆಲ್ಲು

ಮೊದಲು ಶೌಚಾಲಯದ ವಿಷಯ ಬರೆಯುತ್ತೇನೆ, ಅಕ್ಕಿರೊಟ್ಟಿ ಆಮೇಲೆ. ಚಿಕ್ಕಮಗಳೂರಿನ ಕಡೂರು ರಸ್ತೆಯ ಈ ಹೋಟೆಲ್‌ಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಅದರಲ್ಲಿ ಮೂರು ಶೌಚಾಲಯಕ್ಕೇ ಸಲ್ಲಬೇಕು.

ನಾನು ಆಲ್ದೂರು ಕಡೆಯವನು. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಹೀಗೆ ಬಿದ್ದವರು ನಮ್ಮ ತೋಟಗಳ ಕಡೆ ನಾನೊಬ್ಬನೇ ಅಲ್ಲ. ನಮ್ಮಂಥವರಿಗೆ ಮೂತ್ರ ಬಂದದ್ದು ತಿಳಿಯುವುದಿಲ್ಲ; ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಕಿ ತೆಗೆಯಬೇಕು. ಅದಕ್ಕೆ ಕೈ ತೊಳೆಯಲು ನೀರು, ಸೋಪು, ಚೊಕ್ಕ ಜಾಗ, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕು. ಪೇಟೆಯಲ್ಲಿ ಅಂಥ ಜಾಗ ಸಿಗುವುದಿಲ್ಲವೆಂದು ಆಸ್ಪತ್ರೆಗೆ ಹೊರಟ ದಿನ ಬೆಳಗಿನಿಂದಲೇ ನೀರು ಬಿಡುತ್ತೇವೆ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಕಿಡ್ನಿಯಲ್ಲಿ ಕಲ್ಲು, ಮತ್ತೆ ಅದೇ ಆಸ್ಪತ್ರೆ. ಕಾಫಿ ಬೆಳೆಯುವ ಊರಿನಲ್ಲಿ ಹುಟ್ಟಿ, ಪೇಟೆಗೆ ಬಂದಾಗೆಲ್ಲ ಎದುರಿಗಿಟ್ಟ ಕಾಫಿ ಬೇಡ ಅನ್ನುವುದು ನನಗೆ ಅಭ್ಯಾಸವಾಗಿಹೋಗಿತ್ತು. ಇಲ್ಲಿ ಎರಡು ಲೋಟ ಕುಡಿದೆ.

ಶೌಚಾಲಯದ ಬಾಗಿಲು ತೆರೆದಾಗ ಅಡ್ಡ ಮೂರು ಅಡಿ ಖಾಲಿ ಸಿಗುತ್ತದೆ. ಜೊತೆಗೆ ಬಂದಿದ್ದ ಅಕ್ಕನ ಮಗನ ಕೈಯಲ್ಲಿ ಟೇಪು ಹಿಡಿಸಿ ನೋಡಿದೆ. ಅಂಗವಿಕಲರೂ ಬಳಸಬಹುದಾದ ಕಟ್ಟಡ ಹೇಗಿರಬೇಕೆಂದು ತಿಳಿಸುವ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಹೇಳುವ 900 ಮಿಲಿಮೀಟರ್ ಇದೇ. ಬಾಗಿಲು ಹೊರಕ್ಕೆ ತೆರೆಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಒಳಕ್ಕೆ ತೆರೆಯುವ ಬಾಗಿಲಾದರೆ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲು ಬರುವುದಿಲ್ಲ, ಒಳಗೆ ಯಾರಾದರೂ ಬಿದ್ದರೆ ಹೊರಗಿನವರಿಗೆ ತೆಗೆಯಲೂ ಆಗುವುದಿಲ್ಲ. ಒಳಗೆ ಕುರ್ಚಿಯನ್ನು ಪೂರ್ತಿ ತಿರುಗಿಸಬಹುದು. ಅದಕ್ಕೆ ಸುಮಾರು ಐದಡಿ ಅಡ್ಡಗಲದ ಖಾಲಿ ನೆಲ ಬೇಕು, ಇಲ್ಲಿದೆ. ಕಮೋಡಿನ ಒಂದು ಪಕ್ಕ ಗೋಡೆಗೆ ಹೂತ ಕಂಬಿ, ಇನ್ನೊಂದು ಪಕ್ಕ ಮೇಲಕ್ಕೆ ಮಡಚುವ ಕಂಬಿ. ನನ್ನ ಪೂರ್ತಿ ಭಾರ ಬಿಟ್ಟು ನೋಡಿದೆ, ಅಲುಗಲಿಲ್ಲ. ಎಷ್ಟೋ ಕಡೆ ಟವೆಲ್ ನೇತುಹಾಕುವ ಕೊಳವೆಯನ್ನೇ ತಂದು ಎರಡು ಸ್ಕ್ರೂ ಬಿಗಿದು ಬಿಟ್ಟಿರುತ್ತಾರೆ. ಅದನ್ನು ನಂಬಿ ಹಿಡಿದವನ ಗತಿ ಏನು?

ಎಲ್ಲಕ್ಕಿಂತ ಮುಖ್ಯ, ಬೀಗವಿರಲಿಲ್ಲ. ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ ತುಂಬಿರಲಿಲ್ಲ. ನಮ್ಮದೇ ಜಿಲ್ಲೆಯ ಒಂದು ಕಚೇರಿಯಲ್ಲಿ ವೀಲ್‌ಚೇರ್ ಚಿತ್ರ ಅಂಟಿಸಿದ ಶೌಚಾಲಯದ ಕೀಲಿ ಯಾರ ಹತ್ತಿರ ಇದೆಯೆಂದು ಅಲ್ಲಿನ ಯಾರಿಗೂ ಗೊತ್ತಿರಲಿಲ್ಲ. ಕೀಲಿ ಸಿಕ್ಕು ಬಾಗಿಲು ತೆಗೆದರೆ ಹಳೇ ಫೈಲುಗಳು.

ಇನ್ನು ಇಳಿಜಾರು. ಹೋಟೆಲ್‌ಗೆ ಮೂರು ಮೆಟ್ಟಿಲು, ಒಟ್ಟು ಎತ್ತರ ಒಂದೂವರೆ ಅಡಿ. ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು ಎಂಬುದು ಲೆಕ್ಕ. ಹಾಗಾಗಿ ಒಂದೂವರೆ ಅಡಿಗೆ ಹದಿನೆಂಟು ಅಡಿ. ಮುಂದುಗಡೆ ಅಷ್ಟು ಜಾಗ ಇಲ್ಲವೆಂದು ಎಡಗಡೆ ಗೋಡೆಯ ಪಕ್ಕದಲ್ಲಿ ತಂದು, ನಡುವೆ ಸಮತಟ್ಟು ಕೊಟ್ಟು ತಿರುಗಿಸಿದ್ದಾರೆ. ಯಾರ ಸಹಾಯವೂ ಇಲ್ಲದೆ ನಾನೇ ಚಕ್ರ ತಳ್ಳಿಕೊಂಡು ಹತ್ತಿದೆ. ನೆಲಕ್ಕೆ ಮಿರುಗುವ ಟೈಲ್ಸ್ ಹಾಕದೆ ಒರಟು ಕಲ್ಲು ಹಾಸಿದ್ದು ಜಾಣತನ. ನಮ್ಮ ಮಳೆಗೆ ಟೈಲ್ಸ್ ಹಾಕಿದ ಇಳಿಜಾರಿನಲ್ಲಿ ಕಾಲಿರುವವರೂ ಜಾರುತ್ತಾರೆ. ಆದರೆ ಮೇಲೆ ಸೂರಿಲ್ಲ. ಆಷಾಢದಲ್ಲಿ ಎರಡೂ ಕೈ ಚಕ್ರದ ಮೇಲಿರುವವನು ಕೊಡೆ ಹಿಡಿಯುವುದು ಹೇಗೆ? ನಾಲ್ಕು ಶೀಟು ಹೊದಿಸಿದರೆ ಸಾಕು.

ಇಳಿಜಾರಿಲ್ಲದ ಹೋಟೆಲ್‌ಗಳಲ್ಲಿ ಜನ ಕೆಟ್ಟವರು ಅಂತಲ್ಲ. "ಅಯ್ಯೋ, ನಾಲ್ಕು ಜನ ಇದೀವಿ ಅಣ್ಣಾ, ಕುರ್ಚಿ ಸಮೇತ ಎತ್ಕೊಂಡ್ ಹೋಗ್ತೀವಿ ಬಿಡಿ" ಅನ್ನುತ್ತಾರೆ. ಅವರ ಪ್ರೀತಿಗೆ ಕೈ ಮುಗಿಯುತ್ತೇನೆ. ಆದರೆ ಒಬ್ಬರು ಕುರ್ಚಿಯಿಂದ ಕಳಚಿ ಬರುವ ಕೈಯಾಸರೆ ಹಿಡಿದಿರುತ್ತಾರೆ, ಇನ್ನೊಬ್ಬರು ಚಕ್ರ ಹಿಡಿದಿರುತ್ತಾರೆ, ಜೀವ ಬಾಯಿಗೆ ಬರುತ್ತದೆ. ದೋಸೆ ತಿನ್ನಲು ಬಂದವನು ಎಲ್ಲರ ಎದುರು ಮೂಟೆಯ ಹಾಗೆ ಒಳಗೆ ಹೋಗಬಾರದು.

ಮೇಜಿನ ಬಗ್ಗೆ ಕಣ್ಣಿರುವವರೂ ಗಮನಿಸದ ಒಂದು ಮಾತು. ನಡುಗಂಬದ ಮೇಜು, ಗೋಡೆಗೆ ಕಚ್ಚಿದ ಬೆಂಚು ಇದ್ದಲ್ಲಿ ಕುರ್ಚಿ ಮೇಜಿನ ಕೆಳಗೆ ನುಗ್ಗುವುದಿಲ್ಲ. ಆಗ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ. ಸ್ಪರ್ಶವಿಲ್ಲದ ತೊಡೆಯ ಮೇಲೆ ಬಿಸಿ ಸಾಂಬಾರ್ ಚೆಲ್ಲಿದರೆ ಸುಟ್ಟದ್ದು ತಿಳಿಯುವುದು ಸಂಜೆ ಪ್ಯಾಂಟು ಬಿಚ್ಚಿದಾಗ. ಆ ಗಾಯ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲಿ ಬಾಗಿಲ ಹತ್ತಿರದ ಎರಡು ಮೇಜುಗಳಿಗೆ ನಾಲ್ಕು ಮೂಲೆಯಲ್ಲಿ ಕಾಲು, ಕೆಳಗೆ ಮೊಣಕಾಲು ಹಿಡಿಸುವಷ್ಟು ಜಾಗ, ಒಂದು ಪಕ್ಕ ಬೆಂಚೇ ಇಲ್ಲ.

ಸಪ್ಲಯರ್ ಹುಡುಗ ನನ್ನ ಹೆಂಡತಿಯ ಮುಖ ನೋಡಿ "ಅಣ್ಣಂಗೆ ಏನ್ ಕೊಡ್ಲಿ ಅಕ್ಕಾ?" ಅನ್ನಲಿಲ್ಲ. ನನ್ನ ಕಡೆ ತಿರುಗಿ "ಏನ್ ಕೊಡ್ಲಿ ಸಾರ್?" ಅಂದ. ಬಿದ್ದ ಮೇಲೆ ನನಗೆ ಈ ಪ್ರಶ್ನೆ ಬಹಳ ಕಡಿಮೆ ಬಂದಿದೆ. ತಿಂಡಿ: ಅಕ್ಕಿರೊಟ್ಟಿ ಮೆತ್ತಗೆ, ಕಾಯಿಚಟ್ನಿ ಚೆನ್ನಾಗಿದೆ, ಕಡುಬು ಸ್ವಲ್ಪ ಗಟ್ಟಿ. ಕಾಫಿಗೆ ಚಿಕೋರಿ ಕಡಿಮೆ ಹಾಕುತ್ತಾರೆ, ಅದು ನನಗೆ ಇಷ್ಟ.

ಒಂದು ಸ್ಟಾರ್ ಹಿಡಿದಿಟ್ಟದ್ದು ಏಕೆಂದರೆ, ಇಳಿಜಾರಿನ ಬುಡದಲ್ಲೇ ಮೂರು ಬೈಕು ನಿಂತಿದ್ದವು. ಗಿರಾಕಿಗಳನ್ನು ಹುಡುಕಿ ತೆಗೆಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ನೆಲಕ್ಕೆ ಹಳದಿ ಬಣ್ಣ ಬಳಿದು ಎರಡು ಗೂಟ ನೆಟ್ಟರೆ ಮುಗಿಯಿತು. ಗೂಟಗಳ ನಡುವೆ ಕುರ್ಚಿ ಹೋಗುವಷ್ಟು ಮೂರಡಿ ಬಿಡಬೇಕು. ಹೊರಗಿನ ವಾಶ್‌ಬೇಸಿನ್ ನನ್ನ ಗಲ್ಲದ ಎತ್ತರಕ್ಕಿದೆ. ತಿಂಡಿಯ ಪಟ್ಟಿ ಗೋಡೆಯ ಮೇಲೆ ಮಾತ್ರ ಇದೆ, ಕಣ್ಣು ಕಾಣದ ನನ್ನ ಗೆಳೆಯ ಬಂದರೆ ಯಾರಾದರೂ ಪೂರ್ತಿ ಓದಿ ಹೇಳಬೇಕು, ಬೆಲೆ ಸಮೇತ.

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ಕೂತು ಕೇಳಿದರು. ಅವರ ತಾಯಿ ಸೊಂಟ ಮುರಿದು ವಾಕರ್ ಹಿಡಿದ ಮೇಲೆ ಈ ಕಟ್ಟಡದ ನಕ್ಷೆ ಬದಲಾಯಿಸಿದರಂತೆ. "ಕಾಯ್ದೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ" ಅಂದರು. ಈ ಬರಹ ಓದುವ ಬೇರೆ ಹೋಟೆಲ್‌ನವರಿಗೂ ಗೊತ್ತಿರಲಿ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಅನ್ವಯಿಸುವುದಲ್ಲ. ಅದರ 44ನೇ ಕಲಂ ಪ್ರಕಾರ ಸುಗಮ್ಯತೆಯ (ಅಂಗವಿಕಲರೂ ಅಡ್ಡಿಯಿಲ್ಲದೆ ಬಳಸುವಂತಿರಬೇಕು ಎಂಬ) ನಿಯಮ ಪಾಲಿಸದ ನಕ್ಷೆಗೆ ಕಟ್ಟುವ ಅನುಮತಿಯನ್ನೇ ಕೊಡಬಾರದು. 46ನೇ ಕಲಂ ಖಾಸಗಿ ಸೇವೆಗಳನ್ನೂ ಹೆಸರಿಸುತ್ತದೆ. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಈ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟುವಾಗಲೇ ಮಾಡಿದರೆ ಖರ್ಚು ಕಡಿಮೆ. ಆಮೇಲೆ ಗೋಡೆ ಒಡೆದು ಬಾಗಿಲು ಅಗಲ ಮಾಡಿಸುವ ಕಷ್ಟ ಮನೆಯಲ್ಲಿ ನಾನು ಅನುಭವಿಸಿದ್ದೇನೆ.

ವೀಲ್‌ಚೇರ್‌ನಲ್ಲಿ ಹೋಗುವವರಿಗೆ: ಭಾನುವಾರ ಬೆಳಗ್ಗೆ ಪ್ರವಾಸಿಗರ ನೂಕುನುಗ್ಗಲು, ವಾರದ ದಿನ ಹನ್ನೊಂದರ ಮೇಲೆ ಹೋಗಿ. ಕಾರನ್ನು ಎಡಗಡೆ ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಇಳಿಜಾರು ಹತ್ತಿರ. ಶೌಚಾಲಯ ಕ್ಯಾಶ್ ಕೌಂಟರ್ ದಾಟಿ ಬಲಕ್ಕೆ ಎರಡನೇ ಬಾಗಿಲು, ಯಾರನ್ನೂ ಕೇಳಬೇಕಿಲ್ಲ.